ಸಂಘ ಯಾರದು? – ರೈತ ಸಹಕಾರದ ಚರಿತ್ರೆಯಿಂದ ಕೆಲವು ಪಾಠಗಳು



ನಮ್ಮ ಇಗರ್ಜಿಯು ನೂರು ವರ್ಷಗಳನ್ನು ಪೂರೈಸಿದ ಈ ಸಂತೋಷದ ಸಂದರ್ಭದಲ್ಲಿ, ಅದನ್ನು ಕಟ್ಟಿದ ಹಿರಿಯರ ಶ್ರಮವನ್ನೂ, ಇಲ್ಲಿ ಸೇವೆ ಸಲ್ಲಿಸಿ ಹೋದ ಗುರುಗಳ ವಿವರಗಳನ್ನೂ ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ನೀವು ಓದುವಿರಿ. ನಮ್ಮ ಪಾಲಿಗೆ ಬಂದ ಈ ಕೆಲವು ಪುಟಗಳನ್ನು ನಾವು ಬೇರೊಂದು ಚರಿತ್ರೆಗೆ ಮೀಸಲಿಡಲು ಬಯಸಿದ್ದೇವೆ. ಅದಕ್ಕೊಂದು ಕಾರಣವುಂಟು.

ಕಳೆದ ಮಳೆಗಾಲದಲ್ಲಿ ನಮ್ಮ ಮೂರು ವಾಳೆಗಳ ಗುರಿಕಾರರೂ ಕೆಲವು ಕೃಷಿಕರೂ ಗುರುನಿವಾಸಕ್ಕೆ ಬಂದು, ಶತಮಾನೋತ್ಸವದ ನೆನಪಿಗಾಗಿ ತೆಂಗು ಮತ್ತು ಬಾಳೆ ಬೆಳೆಗಾರರ ಮಾರಾಟ ಸಹಕಾರ ಸಂಘವೊಂದನ್ನು ಸ್ಥಾಪಿಸಬೇಕೆಂದೂ, ವಿಗಾರರಾದ ನಾವೇ ಅದರ ಅಧ್ಯಕ್ಷ ಪದವಿಯನ್ನು ವಹಿಸಬೇಕೆಂದೂ ಕೇಳಿಕೊಂಡರು. ಬಂಡವಾಳ ಹೇಗಾದರೂ ಕೂಡೀತು, ಸರಕಾರದ ಸಹಾಯಧನವೂ ದೊರೆತೀತು, ಇಗರ್ಜಿಯ ಹೆಸರೊಂದಿದ್ದರೆ ಸಂಘ ತಾನಾಗಿ ನಡೆದೀತು ಎಂಬುದು ಅವರ ವಾದ. ತೋಟದ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ಬೆಲೆಗೆ ಕಾಯಿ ಎಣಿಸಿಕೊಡುವ ನಮ್ಮ ಜನರ ಕಷ್ಟವನ್ನು ನಾವು ಬಲ್ಲೆವು. ಆದರೂ ಆ ದಿನ ನಾವು ಒಪ್ಪಿಗೆಯನ್ನೂ ಕೊಡಲಿಲ್ಲ, ನಿರಾಕರಣೆಯನ್ನೂ ಹೇಳಲಿಲ್ಲ. ಸಹಕಾರದ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಿ ಉತ್ತರಿಸುತ್ತೇವೆ ಎಂದೆವು. ಈ ಲೇಖನವೇ ಆ ಉತ್ತರ.

ಬರಗಾಲದಲ್ಲಿ ಹುಟ್ಟಿದ ವಿಚಾರ

1846–47ರ ಚಳಿಗಾಲದಲ್ಲಿ ಜರ್ಮನಿಯ ವೆಸ್ಟರ್‌ವಾಲ್ಡ್ ಎಂಬ ಗುಡ್ಡಗಾಡು ಪ್ರದೇಶವು ಬರಗಾಲಕ್ಕೆ ತುತ್ತಾಯಿತು. ಅಲ್ಲಿಯ ವೈಯರ್‌ಬುಶ್ ಎಂಬ ಊರಿನ ಆಡಳಿತಾಧಿಕಾರಿ ಫ್ರೀಡ್ರಿಚ್ ವಿಲ್‌ಹೆಲ್ಮ್ ರೈಫೈಸನ್ ಆಗ ಮೂವತ್ತು ವರ್ಷ ತುಂಬದ ತರುಣ. ಊರಿನ ಅನುಕೂಲಸ್ಥರಿಂದ ಹಣ ಕೂಡಿಸಿ, ಧಾನ್ಯ ತರಿಸಿ, ರೊಟ್ಟಿ ಬೇಯಿಸಿ, ಪೇಟೆಯ ಬೆಲೆಗಿಂತ ಅಗ್ಗವಾಗಿ ಬಡವರಿಗೆ ಸಾಲದ ಮೇಲೆ ಕೊಡುವ ವ್ಯವಸ್ಥೆಯನ್ನು ಅವರು ಮಾಡಿದರು. ಮುಂದೆ ಫ್ಲಾಮರ್ಸ್‌ಫೆಲ್ಡ್ ಎಂಬ ಊರಿಗೆ ವರ್ಗವಾದಾಗ, ದನದ ವ್ಯಾಪಾರಿಗಳ ಬಡ್ಡಿಯ ಬಲೆಯಲ್ಲಿ ಸಿಕ್ಕಿದ್ದ ರೈತರಿಗೆ ದನಕರುಗಳನ್ನು ಕಂತಿನ ಮೇಲೆ ಕೊಡಿಸುವ ಇನ್ನೊಂದು ಸಂಘವನ್ನು ಕಟ್ಟಿದರು.

ಇವೆಲ್ಲವೂ ಒಳ್ಳೆಯ ಕಾರ್ಯಗಳೇ. ಆದರೆ ಅವೆಲ್ಲ ಶ್ರೀಮಂತರ ಔದಾರ್ಯದ ಮೇಲೆ ನಿಂತಿದ್ದವು. ಬರ ತೀರಿದಂತೆ ಔದಾರ್ಯವೂ ತಣ್ಣಗಾಯಿತು. ಕೊಟ್ಟವರಿಗೆ ಬೇಸರ, ಪಡೆದವರಿಗೆ ಉದಾಸೀನ. ಹದಿನೈದಕ್ಕೂ ಹೆಚ್ಚು ವರ್ಷಗಳ ಅನುಭವದ ನಂತರ, 1864ರಲ್ಲಿ ಹೆಡೆಸ್‌ಡಾರ್ಫ್ ಎಂಬಲ್ಲಿ ರೈಫೈಸನ್ನರು ಹೊಸ ಬಗೆಯ ಸಾಲದ ಸಂಘವನ್ನು ರಚಿಸಿದರು. ಇಲ್ಲಿ ಸಾಲ ಪಡೆಯುವವರೇ ಸದಸ್ಯರು, ಸದಸ್ಯರೇ ಒಡೆಯರು, ಸಂಘದ ಋಣಕ್ಕೆಲ್ಲ ಅವರೇ ಹೊಣೆ. ದಾನದಿಂದ ಸ್ವಸಹಾಯಕ್ಕೆ ನಡೆದ ಈ ಒಂದು ಹೆಜ್ಜೆಯಿಂದಲೇ ರೈತ ಸಹಕಾರದ ನಿಜವಾದ ಚರಿತ್ರೆ ಆರಂಭವಾಗುತ್ತದೆಂದರೆ ಅತಿಶಯೋಕ್ತಿಯಾಗಲಾರದು.

ಅವರ ನಿಯಮಗಳು ನಾಲ್ಕೈದೇ. ಸಂಘದ ವ್ಯಾಪ್ತಿ ಒಂದು ಧರ್ಮಕೇಂದ್ರಕ್ಕಿಂತ ದೊಡ್ಡದಿರಬಾರದು. ಸಾಲ ಕೇಳುವವನ ಗುಣನಡತೆಯನ್ನು ನೆರೆಯವರು ಬಲ್ಲವರಾಗಿರಬೇಕು. ದುಡಿಮೆಗೆ ನೆರವಾಗುವ ಕೆಲಸಕ್ಕೆ ಮಾತ್ರ ಸಾಲ. ಆಡಳಿತ ಸಮಿತಿಯವರಿಗೆ ಸಂಬಳವಿಲ್ಲ. ಲೆಕ್ಕ ಬರೆಯುವವನಿಗೆ ಮಾತ್ರ ವೇತನ. ಉಳಿದ ಲಾಭ ಹಂಚಿಹೋಗದೆ ಸಂಘದ ನಿಧಿಗೆ ಸೇರಬೇಕು. ಒಬ್ಬನು ಸಾಲ ತೀರಿಸದಿದ್ದರೆ ಅದು ಎಲ್ಲರ ಕೊರಳಿಗೆ ಬರುವುದರಿಂದ, ಸಾಲದ ಹಣದಿಂದ ಕೊಂಡ ಹಸು ನಿಜವಾಗಿ ಹಟ್ಟಿಯಲ್ಲಿದೆಯೇ ಎಂದು ನೆರೆಯವನೇ ಗಮನಿಸುತ್ತಿದ್ದನು. ಯಾವ ಸರಕಾರಿ ತನಿಖಾಧಿಕಾರಿಯೂ ಮಾಡಲಾರದ ಕೆಲಸವಿದು. ರೈಫೈಸನ್ನರು 1888ರಲ್ಲಿ ಕಣ್ಣಿನ ಬೆಳಕು ಬಹುಮಟ್ಟಿಗೆ ನಂದಿದವರಾಗಿ ತೀರಿಕೊಂಡಾಗ ಜರ್ಮನಿಯಲ್ಲಿ ಅವರ ಮಾದರಿಯ 400ಕ್ಕೂ ಹೆಚ್ಚು ಸಂಘಗಳಿದ್ದವು. ಅವರು ಪ್ರೊಟೆಸ್ಟಂಟ್ ಸಭೆಯ ಭಕ್ತರು. ಆದರೆ ಅವರ ಮಾರ್ಗವನ್ನು ಅನುಸರಿಸಿದವರಲ್ಲಿ ಕೆಥೊಲಿಕ್ ಗುರುಗಳು ಹಿಂದೆ ಬೀಳಲಿಲ್ಲ ಎಂಬುದನ್ನು ಮುಂದೆ ನೋಡೋಣ.

ಕನ್ನಡ ನಾಡಿಗೆ ಬಂದ ಬಗೆ

ನಮ್ಮ ದೇಶದ ರೈತನೂ ಅಂದು ಸಾಹುಕಾರನ ಸಾಲದಲ್ಲಿ ಮುಳುಗಿದ್ದನು. ಪರಿಹಾರವನ್ನು ಹುಡುಕಲು ಮದರಾಸು ಸರಕಾರವು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. 1895 ಮತ್ತು 1897ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅವರ ವರದಿಯ ಸಾರಾಂಶವಿಷ್ಟೇ: ಮೊದಲು ರೈಫೈಸನ್ನನಂತಹ ಮನುಷ್ಯನನ್ನು ಹುಡುಕಬೇಕು. ಹಣವನ್ನು ಹುಡುಕಬೇಕೆಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗದ ಬಳಿಯ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಭಾರತದ ಪ್ರಥಮ ಕೃಷಿ ಪತ್ತಿನ ಸಹಕಾರ ಸಂಘವೆಂಬ ಕೀರ್ತಿ ಅದಕ್ಕೆ ಸಂದಿದೆ. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ವಕೀಲರಾದ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘವನ್ನು ಕಟ್ಟಿ, ಮುಂದೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೂ ತಳಹದಿ ಹಾಕಿದರು; ಜಿಲ್ಲೆಯ ಸಹಕಾರ ಪಿತಾಮಹರೆಂದು ಜನರು ಅವರನ್ನು ಸ್ಮರಿಸುತ್ತಾರೆ. 1912ರಲ್ಲಿ ಪಿ. ಎಫ್. ಎಕ್ಸ್. ಸಲ್ಡಾನ್ಹಾ ಅವರ ನೇತೃತ್ವದಲ್ಲಿ ಮಂಗಳೂರು ಕೆಥೊಲಿಕ್ ಸಹಕಾರಿ ಬ್ಯಾಂಕು ಹುಟ್ಟಿಕೊಂಡಿತು. ಅದೇ ವರ್ಷ ಬಂದ ಎರಡನೆಯ ಕಾಯಿದೆಯು, ಸಾಲ ಕೊಡುವುದರ ಜೊತೆಗೆ ಮಾರಾಟ, ಖರೀದಿ ಮುಂತಾದ ಕೆಲಸಗಳಿಗೂ ಸಂಘ ಕಟ್ಟುವ ದಾರಿಯನ್ನು ತೆರೆಯಿತು. ಹೀಗೆ ಸಹಕಾರವು ನಮ್ಮ ಮಣ್ಣಿಗೆ ಹೊರಗಿನದಲ್ಲ. ನಮ್ಮ ಇಗರ್ಜಿಗಿಂತಲೂ ಹಿರಿಯದು.

ಬೆಣ್ಣೆ ಕಲಿಸಿದ ಪಾಠ

ಬೆಳೆದದ್ದನ್ನು ಒಟ್ಟಾಗಿ ಮಾರುವುದು ಸಾಲದ ಸಂಘವನ್ನು ನಡೆಸುವುದಕ್ಕಿಂತ ಕಷ್ಟ. ಇದನ್ನು ಅರಿಯಲು ಡೆನ್ಮಾರ್ಕ್ ದೇಶಕ್ಕೆ ಹೋಗಬೇಕು. 1870ರ ದಶಕದಲ್ಲಿ ಅಮೆರಿಕದಿಂದ ಅಗ್ಗದ ಧಾನ್ಯವು ಯೂರೋಪಿಗೆ ಹರಿದುಬಂದಾಗ ಅಲ್ಲಿಯ ರೈತರು ಧಾನ್ಯದ ಆಸೆಯನ್ನು ಬಿಟ್ಟು ಹೈನುಗಾರಿಕೆಗೆ ತಿರುಗಿದರು. 1882ರಲ್ಲಿ ಹೆಡ್ಡಿಂಗ್ ಎಂಬ ಊರಿನಲ್ಲಿ ಅವರ ಮೊದಲ ಸಹಕಾರಿ ಬೆಣ್ಣೆ ಕೇಂದ್ರ ಪ್ರಾರಂಭವಾಯಿತು.

ಡೆನ್ಮಾರ್ಕಿನ ಸಂಘಗಳಲ್ಲಿ ಎರಡು ನಿಯಮಗಳು ಮುಖ್ಯವಾಗಿದ್ದವು. ಮನೆಯ ಬಳಕೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಹಾಲನ್ನೆಲ್ಲ ಸದಸ್ಯನು ಸಂಘಕ್ಕೇ ಕೊಡಬೇಕು. ಹೊರಗೆ ಎಷ್ಟೇ ಬೆಲೆ ಸಿಗಲಿ, ಅಲ್ಲಿ ಮಾರುವಂತಿಲ್ಲ. ಎರಡನೆಯದಾಗಿ, ಐವತ್ತು ಹಸುಗಳಿದ್ದವನಿಗೂ ಎರಡು ಹಸುಗಳಿದ್ದವನಿಗೂ ಒಂದೇ ಮತ. ಮತವನ್ನು ಎಣಿಸುವುದು ಮನುಷ್ಯರ ತಲೆಯಿಂದ, ದನಗಳ ತಲೆಯಿಂದಲ್ಲ ಎಂದು ಅವರಲ್ಲಿ ಗಾದೆಯೇ ಆಯಿತು. ಮೊದಲನೆಯ ನಿಯಮದ ಬೆಲೆ ನಮ್ಮವರಿಗೆ ತಿಳಿಯದ ಸಂಗತಿಯಲ್ಲ. ಹೊಸ ಸಂಘವೊಂದು ತಲೆಯೆತ್ತಿದ ಕೂಡಲೇ ವ್ಯಾಪಾರಿಯು ಕೆಲವು ವಾರ ಒಂದು ರೂಪಾಯಿ ಹೆಚ್ಚು ಕೊಡುತ್ತಾನೆ. ಸದಸ್ಯರು ಆಸೆಪಟ್ಟು ಅತ್ತ ಹೋಗುತ್ತಾರೆ. ಸಂಘದ ಗೋದಾಮು ಬರಿದಾಗುತ್ತದೆ, ಸಂಘ ಮುಚ್ಚುತ್ತದೆ. ಮರುವಾರದಿಂದ ಬೆಲೆ ಮೊದಲಿಗಿಂತ ಕೆಳಗೆ ಇಳಿಯುತ್ತದೆ. ಇಂತಹ ಸಂಘವನ್ನು ಕೊಂದವನು ವ್ಯಾಪಾರಿಯೆಂದು ದೂರುವುದು ಸುಲಭ. ಬಾಗಿಲನ್ನು ತೆರೆದುಕೊಟ್ಟವನು ಸದಸ್ಯನೇ.

ಡೆನ್ಮಾರ್ಕಿನ ರೈತನಿಗೆ ಈ ಸಂಯಮ ಎಲ್ಲಿಂದ ಬಂದಿತು? ಗ್ರುಂಟ್‌ವಿಗ್ ಎಂಬ ಲೂಥರನ್ ಪಾದ್ರಿಯ ಪ್ರೇರಣೆಯಿಂದ 1844ರಿಂದಲೇ ಅಲ್ಲಿಯ ಹಳ್ಳಿಗಾಡಿನಲ್ಲಿ ಜನಪ್ರೌಢಶಾಲೆಗಳು ಹುಟ್ಟಿಕೊಂಡಿದ್ದವು. ಬೆಣ್ಣೆಯ ಸಂಘಗಳು ಬರುವ ಹೊತ್ತಿಗೆ ರೈತರ ಮಕ್ಕಳು ಸಭೆಯಲ್ಲಿ ಎದ್ದು ಮಾತನಾಡುವುದನ್ನೂ, ಸಮಾನರಾಗಿ ಕೂಡಿ ಬಾಳುವುದನ್ನೂ ಅಲ್ಲಿ ಕಲಿತಿದ್ದರು.

ಐರ್ಲೆಂಡಿನ ಕಥೆ ಇನ್ನೂ ಸ್ವಾರಸ್ಯಕರ. ಪ್ರೊಟೆಸ್ಟಂಟ್ ಜಮೀನುದಾರರಾದ ಹೊರೇಸ್ ಪ್ಲಂಕೆಟರು ಸಹಕಾರದ ಪ್ರಚಾರಕ್ಕಾಗಿ ಹಳ್ಳಿಹಳ್ಳಿ ತಿರುಗಿ ಸುಮಾರು 50 ಸಭೆಗಳನ್ನು ನಡೆಸಿದ ಮೇಲೆ ಒಂದು ಸಂಘ ಹುಟ್ಟಿತಂತೆ. ಒಂದು ಪಟ್ಟಣದಲ್ಲಂತೂ, ತಮ್ಮೂರಿನಲ್ಲಿ ಬೆಣ್ಣೆ ತೆಗೆಯುವುದಾದರೆ ರಾಷ್ಟ್ರೀಯ ಪಕ್ಷದ ತತ್ತ್ವಕ್ಕನುಸಾರವಾಗಿಯೇ ತೆಗೆಯಬೇಕು, ಇಲ್ಲವಾದರೆ ಬೆಣ್ಣೆಯೇ ಬೇಡವೆಂದು ವಕೀಲರೊಬ್ಬರು ಎದ್ದು ನಿಂತು ವಾದಿಸಿದರು! ಇಂತಹ ವಾದಗಳ ನಡುವೆ ಪ್ಲಂಕೆಟರ ಜೊತೆಗೆ ನಿಂತವರು ಯೇಸುಸಭೆಯ ಗುರುಗಳಾದ ಥಾಮಸ್ ಫಿನ್ಲೆ. ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1894ರಲ್ಲಿ ಸ್ಥಾಪನೆಯಾದ ಐರಿಷ್ ಕೃಷಿ ಸಂಘಟನಾ ಸಂಸ್ಥೆಯ ಉಪಾಧ್ಯಕ್ಷರಾಗಿ ಊರೂರು ಸುತ್ತಿದರು. ಜಮೀನುದಾರನೂ ಗೇಣಿದಾರನೂ, ಪ್ರೊಟೆಸ್ಟಂಟನೂ ಕೆಥೊಲಿಕನೂ ಒಂದೇ ಸಮಿತಿಯಲ್ಲಿ ಕುಳಿತು ಹಾಲಿನ ಲೆಕ್ಕ ನೋಡಿದರು. 1914ರ ಹೊತ್ತಿಗೆ ಅಲ್ಲಿ ಸುಮಾರು 1,000 ಸಂಘಗಳಿದ್ದವು. ರಾಜಕೀಯವನ್ನೂ ಮತಭೇದವನ್ನೂ ಹೊಸ್ತಿಲಿನ ಹೊರಗೆ ಬಿಟ್ಟು ಒಳಬರಬೇಕೆಂಬುದು ಅವರ ನಿಯಮವಾಗಿತ್ತು.

ಒಬ್ಬ ಗುರುವಿನ ಸಂಘ, ಮತ್ತು ನಮ್ಮದೊಂದು

ನಮ್ಮ ದೇಶದಲ್ಲಿಯೂ ಇಂತಹ ಗುರುಗಳೊಬ್ಬರಿದ್ದರು. ರೈಫೈಸನ್ನರ ನಾಡಿನವರೇ ಆದ ಯೇಸುಸಭೆಯ ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ನರು ಛೋಟಾನಾಗಪುರದ ಮುಂಡಾ ಜನರ ನಡುವೆ ಬಹುಕಾಲ ಬಾಳಿ, ಅವರ ಭಾಷೆಯ ಬೃಹತ್ ವಿಶ್ವಕೋಶವನ್ನು ರಚಿಸಿದ ವಿದ್ವಾಂಸರು. ಆದಿವಾಸಿಗಳ ಭೂಮಿಯನ್ನು ರಕ್ಷಿಸಲು ಬಂದ 1908ರ ಛೋಟಾನಾಗಪುರ ಗೇಣಿ ಕಾಯಿದೆಯ ಹಿಂದೆಯೂ ಅವರ ಪರಿಶ್ರಮವಿತ್ತು. ಆದರೆ ಕಾಯಿದೆಯೊಂದರಿಂದಲೇ ಸಾಲಗಾರನ ಹೊಲ ಉಳಿಯದೆಂದು ಅವರು ಮನಗಂಡರು. ಬೀಜಕ್ಕೂ ಎತ್ತಿಗೂ ಹಣ ಬೇಕಾದಾಗ ರೈತನು ಮರಳಿ ಸಾಹುಕಾರನ ಬಾಗಿಲಿಗೇ ಹೋಗಬೇಕಲ್ಲವೇ? ಆದುದರಿಂದ 1909ರಲ್ಲಿ ರಾಂಚಿಯಲ್ಲಿ ರೈಫೈಸನ್ ಪದ್ಧತಿಯನ್ನು ಅನುಸರಿಸಿ ಕೆಥೊಲಿಕ್ ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು. ಮೊದಲ ಮಹಾಯುದ್ಧದ ಸಮಯದಲ್ಲಿ ಜರ್ಮನ್ ಪ್ರಜೆಯೆಂಬ ಕಾರಣಕ್ಕೆ 1915ರಲ್ಲಿ ಅವರನ್ನು ದೇಶದಿಂದ ಹೊರಗೆ ಕಳುಹಿಸಲಾಯಿತು. ಮತ್ತೆ ಭಾರತವನ್ನು ಕಾಣದೆಯೇ 1928ರಲ್ಲಿ ಅವರು ನಿಧನರಾದರು. ಸ್ಥಾಪಕರು ಹೋದರೂ ಸಂಘ ಉಳಿಯಿತು. ಅವರ ಜೀವನದಲ್ಲಿ ನಮಗೆ ಅತ್ಯಂತ ದೊಡ್ಡದಾಗಿ ತೋರುವ ಸಂಗತಿ ಇದೇ.

ದೊಡ್ಡದಾಗಿ ತೋರಲು ಕಾರಣವನ್ನೂ ಹೇಳಿಬಿಡುತ್ತೇವೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಘಟ್ಟದ ಬುಡದ ಒಂದು ಚಿಕ್ಕ ಧರ್ಮಕೇಂದ್ರದಲ್ಲಿ ನಾವು ಸೇವೆಯಲ್ಲಿದ್ದಾಗ ಅರುವತ್ತು ಮನೆಗಳನ್ನು ಸೇರಿಸಿ ಒಂದು ಉಳಿತಾಯ ಸಂಘವನ್ನು ಕಟ್ಟಿದೆವು. ಭಾನುವಾರದ ಪೂಜೆಯ ನಂತರ ಹಣ ಕಟ್ಟುವುದು, ಬೀಜ, ಗೊಬ್ಬರ, ದನ ಕೊಳ್ಳಲು ಸಾಲ ಕೊಡುವುದು, ಎಲ್ಲವೂ ಕ್ರಮವಾಗಿ ನಡೆಯಿತು. ಒಂದು ಕಂತೂ ತಪ್ಪಲಿಲ್ಲ. ಲೆಕ್ಕದ ಪುಸ್ತಕ ನಮ್ಮ ಮೇಜಿನೊಳಗಿತ್ತು. ಮೇಜಿನ ಬೀಗದ ಕೈ ನಮ್ಮ ನಿಲುವಂಗಿಯ ಜೇಬಿನಲ್ಲಿತ್ತು. ಯಾರಿಗೆ ಎಷ್ಟು ಸಾಲವೆಂಬುದು ನಮಗೊಬ್ಬರಿಗೇ ಗೊತ್ತು. ಬಡವರ ಮಾನ ಕಾಯುವ ರೀತಿ ಇದೇ ಎಂದು ನಾವು ಭಾವಿಸಿದ್ದೆವು. ಮನಸ್ಸಿನೊಳಗೆ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಆರು ವರ್ಷಗಳ ಬಳಿಕ ನಮಗೆ ವರ್ಗವಾಯಿತು. ಇನ್ನೆರಡು ವರ್ಷಗಳಲ್ಲಿ ಸಂಘ ನಿಂತುಹೋಯಿತು. ಯಾರೂ ಹಣವನ್ನು ಕದಿಯಲಿಲ್ಲ. ಕಂತುಗಳು ಒಂದೊಂದಾಗಿ ತಪ್ಪಿದವು. ಕೇಳುವ ಅಧಿಕಾರ ತಮಗಿದೆಯೆಂದು ಯಾರಿಗೂ ಅನ್ನಿಸಲಿಲ್ಲ. ಮುಂದೆ ಆ ಊರಿನ ಹಬ್ಬಕ್ಕೆ ಹೋದಾಗ ಹೀಗೇಕಾಯಿತೆಂದು ಹಿರಿಯರೊಬ್ಬರನ್ನು ವಿಚಾರಿಸಿದೆವು. ಅವರು ಬಹಳ ವಿನಯದಿಂದ, “ಫಾದರ್, ಅದು ನಿಮ್ಮ ಸಂಘವಲ್ಲವೇ? ನಿಮ್ಮ ಜೊತೆಗೇ ಹೋಯಿತು” ಎಂದರು.

ಅವರಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಗುರುವಿದ್ಯಾಲಯದಲ್ಲಿ ಓದಿದ ಸಾಮಾಜಿಕ ಬೋಧನೆಯಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರ 1891ರ ಪರಿಪತ್ರ ‘ರೇರುಮ್ ನೊವಾರುಮ್’ ದುಡಿಯುವವರು ತಮ್ಮದೇ ಸಂಘಗಳನ್ನು ಕಟ್ಟಿಕೊಳ್ಳುವ ಹಕ್ಕನ್ನು ಎತ್ತಿಹಿಡಿದಿತ್ತು. ‘ತಮ್ಮದೇ’ ಎಂಬ ಮಾತಿನ ತೂಕವನ್ನು ನಾವು ತಿಳಿದದ್ದು ಮಾತ್ರ ಆ ಹಿರಿಯರಿಂದ.

ಹಣಕ್ಕೆ ಮೊದಲು ಓದು

ಹಾಗಾದರೆ ಗುರುವಿಗೆ ಇಲ್ಲಿ ಕೆಲಸವೇ ಇಲ್ಲವೇ? ಉಂಟು. ಅದನ್ನು ಮಾಡಿ ತೋರಿಸಿದವರು ಕೆನಡಾ ದೇಶದ ನೋವಾ ಸ್ಕೋಷಿಯಾ ಪ್ರಾಂತದ ಇಬ್ಬರು ಗುರುಗಳು: ಜೇಮ್ಸ್ ಟಾಂಪ್ಕಿನ್ಸ್ ಮತ್ತು ಮೋಸೆಸ್ ಕೋಡಿ. ಅಲ್ಲಿಯ ಮೀನುಗಾರರೂ ಸಣ್ಣ ಕೃಷಿಕರೂ ತಾವು ಹಿಡಿದ ಮೀನಿಗೆ, ಬೆಳೆದ ಬೆಳೆಗೆ ವ್ಯಾಪಾರಿ ಕಟ್ಟಿದ್ದೇ ಬೆಲೆಯೆಂದು ಬಾಳುತ್ತಿದ್ದರು. 1928ರಲ್ಲಿ ಆಂಟಿಗೊನಿಶ್ ಪಟ್ಟಣದ ಸಂತ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾನಿಲಯವು ವಿಸ್ತರಣ ವಿಭಾಗವನ್ನು ತೆರೆದು ಕೋಡಿಯವರನ್ನು ಅದರ ನಿರ್ದೇಶಕರನ್ನಾಗಿ ನೇಮಿಸಿತು.

ಕೋಡಿಯವರು ಹಣವನ್ನು ಹಂಚಲಿಲ್ಲ. ಓದುವ ಕೂಟಗಳನ್ನು ಕಟ್ಟಿಸಿದರು. ನೆರೆಹೊರೆಯ ಹತ್ತು ಹದಿನೈದು ಮಂದಿ ವಾರಕ್ಕೊಮ್ಮೆ ಒಬ್ಬರ ಅಡುಗೆಮನೆಯಲ್ಲಿ ಕುಳಿತು, ನಮ್ಮ ಸರಕಿನ ಬೆಲೆ ಎಲ್ಲಿ ಏರುತ್ತದೆ, ನಡುವೆ ಎಷ್ಟು ಕೈಗಳಿವೆ, ಪ್ರತಿಯೊಂದು ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ತಿಂಗಳುಗಟ್ಟಲೆ ಇಂತಹ ಓದು ನಡೆದ ಮೇಲೆಯೇ ಸಂಘದ ಮಾತು. ಲಿಟ್ಲ್ ಡೋವರ್ ಎಂಬ ಕಡು ಬಡ ಊರಿನ ಮೀನುಗಾರರು ಟಾಂಪ್ಕಿನ್ಸರ ಪ್ರೇರಣೆಯಿಂದ ಹೀಗೆ ಕಲಿತು, ತಾವೇ ಮರ ಕಡಿದು ತಂದು, ಸಿಗಡಿಯ ಜಾತಿಗೆ ಸೇರಿದ ಲಾಬ್‌ಸ್ಟರುಗಳನ್ನು ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಯೊಂದನ್ನು ಕಟ್ಟಿದರು. ಗುರುಗಳು ಪ್ರಶ್ನೆ ಕೇಳುವವರಾಗಿದ್ದರು. ಬೀಗದ ಕೈ ಜನರ ಬಳಿಯಲ್ಲಿತ್ತು. 1939ರಲ್ಲಿ ಪ್ರಕಟವಾದ ಕೋಡಿಯವರ ಗ್ರಂಥಕ್ಕೆ, ತಮ್ಮ ಭಾಗ್ಯಕ್ಕೆ ತಾವೇ ಒಡೆಯರು ಎಂಬ ಅರ್ಥದ ಹೆಸರನ್ನಿಟ್ಟದ್ದು ಅನ್ವರ್ಥಕವೇ ಸರಿ.

ಆನಂದ್ ಮತ್ತು ಪುತ್ತೂರು

ನಮ್ಮ ದೇಶದ ಅತ್ಯಂತ ಯಶಸ್ವಿ ಸಹಕಾರವು ಹಾಲಿನಿಂದ ಹುಟ್ಟಿತು. ಗುಜರಾತಿನ ಖೇಡಾ ಜಿಲ್ಲೆಯ ರೈತರು ಹಾಲಿನ ಬೆಲೆಯ ಅನ್ಯಾಯವನ್ನು ಪ್ರತಿಭಟಿಸಿ 15 ದಿನ ಹಾಲು ಮಾರದೆ ಮುಷ್ಕರ ಹೂಡಿದ ಮೇಲೆ, ಸರದಾರ್ ಪಟೇಲರ ಸಲಹೆಯಂತೆ 1946ರ ಡಿಸೆಂಬರ್ 14ರಂದು ಅವರ ಒಕ್ಕೂಟ ನೋಂದಣಿಯಾಯಿತು. ಮೊದಲಿಗೆ ದಿನಕ್ಕೆ ಬರುತ್ತಿದ್ದ ಹಾಲು ಸುಮಾರು 250 ಲೀಟರು ಮಾತ್ರ. ಅದೇ ಮುಂದೆ ‘ಅಮುಲ್’ ಎಂದು ಹೆಸರಾಯಿತು.

ಆ ಸಂಸ್ಥೆಯಲ್ಲಿ ಇಬ್ಬರು ಮನುಷ್ಯರ ಹೊಂದಾಣಿಕೆಯನ್ನು ಗಮನಿಸಬೇಕು. ಅಧ್ಯಕ್ಷರಾದ ತ್ರಿಭುವನದಾಸ್ ಪಟೇಲರು ಹಳ್ಳಿಹಳ್ಳಿ ನಡೆದು ರೈತರ ವಿಶ್ವಾಸವನ್ನು ಗಳಿಸಿದರು. 1949ರಲ್ಲಿ ಆನಂದ್ ಪಟ್ಟಣಕ್ಕೆ ಬಂದ, ಕೋಳಿಕ್ಕೋಡಿನಲ್ಲಿ ಹುಟ್ಟಿದ ಇಂಜಿನಿಯರ್ ವರ್ಗೀಸ್ ಕುರಿಯನ್ನರು ಯಂತ್ರವನ್ನೂ ಮಾರುಕಟ್ಟೆಯನ್ನೂ ನೋಡಿಕೊಂಡರು. ಅಧ್ಯಕ್ಷರು ಯಂತ್ರದ ಕೆಲಸದಲ್ಲಿ ಕೈಹಾಕಲಿಲ್ಲ. ವ್ಯವಸ್ಥಾಪಕರು ತಾವು ರೈತರ ಸಂಬಳದ ನೌಕರರೆಂಬುದನ್ನು ಮರೆಯಲಿಲ್ಲ. ಒಡೆತನವೂ ಪರಿಣತಿಯೂ ಹೀಗೆ ತಮ್ಮತಮ್ಮ ಮೇರೆಯನ್ನರಿತು ನಡೆದರೆ ಆಡಳಿತ ಹಸನಾಗುತ್ತದೆ. ಇನ್ನು ಹಳ್ಳಿಯ ಸಂಘದಲ್ಲಿ ನಡೆಯುತ್ತಿದ್ದುದು ಬಹಳ ಸರಳ: ಸದಸ್ಯನ ಕಣ್ಣೆದುರಿನಲ್ಲೇ ಹಾಲನ್ನು ಅಳೆಯುವುದು, ಕೊಬ್ಬಿನ ಅಂಶವನ್ನು ಪರೀಕ್ಷಿಸುವುದು, ಬೆಳಗಿನ ಹಾಲಿನ ಹಣವನ್ನು ಸಂಜೆಗೆ ಕೊಡುವುದು. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಲ್ಲುವರು. ಬಂದವರ ಸರದಿ ಬಂದ ಕ್ರಮದಲ್ಲಿ. ಈ ಮಾದರಿಯೇ 1970ರಿಂದ ಕ್ಷೀರಧಾರೆ ಯೋಜನೆಯ ಮೂಲಕ ದೇಶವನ್ನೆಲ್ಲ ವ್ಯಾಪಿಸಿತು. 1974ರಲ್ಲಿ ಕರ್ನಾಟಕಕ್ಕೂ ಬಂದು, ಇಂದು ನಮ್ಮ ಮನೆಮನೆಯಲ್ಲಿ ‘ನಂದಿನಿ’ಯಾಗಿದೆ.

ಅಡಿಕೆಯ ಕಥೆಯನ್ನು ನಮ್ಮ ಹಿರಿಯರಿಗೆ ಹೇಳಬೇಕಾಗಿಲ್ಲ. 1970ರ ದಶಕದ ಆರಂಭದಲ್ಲಿ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ‘ಕ್ಯಾಂಪ್ಕೊ’ವನ್ನು ಕಟ್ಟಿದರು. ಮುಂದೆ ಕೊಕ್ಕೋ ಬೆಳೆಗೂ ಅದೇ ದುರ್ದಶೆ ಬಂದಾಗ ಸಂಸ್ಥೆಯು ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಸಂಘವು ಎಲ್ಲರ ಅಡಿಕೆಯನ್ನೂ ಕೊಳ್ಳಬೇಕೆಂದಿಲ್ಲ. ಅದು ಪೇಟೆಯಲ್ಲಿ ನ್ಯಾಯವಾದ ತೂಕ, ನ್ಯಾಯವಾದ ದರ ಹಿಡಿದು ನಿಂತಿದ್ದರೆ ಸಾಕು. ಹೊರಗೆ ಮಾರುವ ರೈತನಿಗೂ ಚೌಕಾಸಿಗೆ ಒಂದು ಆಧಾರ ಸಿಗುತ್ತದೆ.

ಬಿದ್ದ ಸಂಘಗಳ ಸಾಕ್ಷ್ಯ

ಯಶಸ್ಸನ್ನು ಮಾತ್ರ ಬಣ್ಣಿಸಿದರೆ ಚರಿತ್ರೆಯಾಗದು. 1904ರ ಕಾಯಿದೆ ಬಂದು ಸುಮಾರು ಅರ್ಧ ಶತಮಾನ ಕಳೆದ ಮೇಲೆ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯು, 1951–52ರಲ್ಲಿ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಕೇವಲ ಶೇಕಡ 3.1 ಎಂದು ಕಂಡುಕೊಂಡಿತು. 1954ರ ಅದರ ವರದಿ, ಸಹಕಾರ ಸೋತಿದೆಯಾದರೂ ಅದನ್ನು ಗೆಲ್ಲಿಸಲೇಬೇಕೆಂಬ ಅಭಿಪ್ರಾಯಕ್ಕೆ ಬಂದು, ಸರಕಾರವೂ ಸಂಘಗಳಲ್ಲಿ ಪಾಲುದಾರನಾಗಬೇಕೆಂದು ಸೂಚಿಸಿತು. ಹಣ ಬಂದಿತು, ಹಣದ ಹಿಂದೆ ಅಧಿಕಾರಿಗಳು ಬಂದರು, ಅವರ ಹಿಂದೆ ಪಕ್ಷಗಳೂ ಬಂದವು. ಅನೇಕ ಕಡೆ ಸದಸ್ಯನ ಕಣ್ಣಿಗೆ ಸಂಘವು ಸರಕಾರದ ಇನ್ನೊಂದು ಕಚೇರಿಯಾಯಿತು. ಸರಕಾರದ ಹಣವನ್ನು ತೀರಿಸದಿದ್ದರೆ ಪಾಪವೇನೆಂಬ ಭಾವನೆಯೂ ಬೆಳೆಯಿತು. 1990ರಲ್ಲಿ ಕೇಂದ್ರ ಸರಕಾರವು 10,000 ರೂಪಾಯಿಗಳವರೆಗಿನ ಕೃಷಿಸಾಲವನ್ನು ಮನ್ನಾ ಮಾಡಿತು. ನಿಜವಾಗಿ ನೊಂದವರಿಗೆ ಅದು ಉಸಿರು ಕೊಟ್ಟಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊಟ್ಟೆ ಬಟ್ಟೆ ಕಟ್ಟಿ ಕಂತು ತೀರಿಸಿದವನು ಪೆದ್ದನಂತೆ ಕಾಣುವ ದಿನ ಬಂದರೆ ರೈಫೈಸನ್ನರ ಬುನಾದಿಯೇ ಅಲುಗುತ್ತದೆ. 2004ರಲ್ಲಿ ನೇಮಕವಾದ ವೈದ್ಯನಾಥನ್ ಸಮಿತಿಯೂ ಪತ್ತಿನ ಸಂಘಗಳ ರೋಗಗಳಲ್ಲಿ ಸರಕಾರದ ಅತಿ ಹಸ್ತಕ್ಷೇಪವನ್ನು ಮುಖ್ಯವಾಗಿ ಗುರುತಿಸಿತು. ಕರ್ನಾಟಕವು 1997ರ ಸೌಹಾರ್ದ ಸಹಕಾರಿ ಕಾಯಿದೆಯ ಮೂಲಕ ಸಂಘಗಳಿಗೆ ಹೆಚ್ಚಿನ ಸ್ವಾಯತ್ತತೆಯನ್ನು ಕೊಡುವ ದಾರಿಯನ್ನು ತೆರೆದಿದೆ.

ವಿಚಾರ ಮಾಡಿ ನೋಡಿದರೆ ಸರಕಾರ ಮಾಡಿದ ತಪ್ಪಿಗೂ ಘಟ್ಟದ ಬುಡದಲ್ಲಿ ನಾವು ಮಾಡಿದ ತಪ್ಪಿಗೂ ಹೆಚ್ಚಿನ ಅಂತರವಿಲ್ಲ. ಇಬ್ಬರೂ ಜನರಿಗೆ ಒಳಿತನ್ನೇ ಬಯಸಿದೆವು. ಇಬ್ಬರೂ ಬೀಗದ ಕೈಯನ್ನು ನಮ್ಮಲ್ಲೇ ಇಟ್ಟುಕೊಂಡೆವು. ಸಂಘ ಯಾರದೆಂಬ ಪ್ರಶ್ನೆಗೆ ‘ನಮ್ಮದು’ ಎಂದು ಸದಸ್ಯನು ಅನುಮಾನವಿಲ್ಲದೆ ಉತ್ತರಿಸುವಲ್ಲಿ ಸಂಘ ಬಾಳಿದೆ. ‘ಅವರದು’ ಎಂದಲ್ಲಿ, ಆ ‘ಅವರು’ ಸರಕಾರವಾಗಲಿ, ಸಾಹುಕಾರನಾಗಲಿ, ಸಾಕ್ಷಾತ್ ಗುರುವೇ ಆಗಲಿ, ಸಂಘ ಬಿದ್ದಿದೆ.

ನಮ್ಮ ಉತ್ತರ

ಆದುದರಿಂದ ಗುರಿಕಾರರಿಗೂ ಕೃಷಿಕ ಬಾಂಧವರಿಗೂ ನಮ್ಮ ಉತ್ತರವನ್ನು ಹೀಗೆ ನಿವೇದಿಸಿಕೊಳ್ಳುತ್ತೇವೆ. ಸಂಘವನ್ನು ಖಂಡಿತ ಕಟ್ಟಿರಿ. ಆದರೆ ನಾವು ಅದರ ಅಧ್ಯಕ್ಷರಾಗುವುದಿಲ್ಲ.

ಮೊದಲು ಆರು ತಿಂಗಳು ಪ್ರತಿ ವಾಳೆಯ ಒಂದೊಂದು ಮನೆಯಲ್ಲಿ ಕುಳಿತು ಓದೋಣ. ನಮ್ಮ ತೆಂಗಿನಕಾಯಿ ಎಲ್ಲೆಲ್ಲಿಗೆ ಹೋಗುತ್ತದೆ, ಯಾವ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ನಮ್ಮ ಕಾಲೇಜಿಗೆ ಹೋಗುವ ಮಕ್ಕಳೇ ಬರೆದು ತರಲಿ. ಆ ಕೂಟಗಳಿಗೆ ಬರಲು, ಪ್ರಶ್ನೆ ಕೇಳಲು, ಪುಸ್ತಕ ಒದಗಿಸಲು ನಾವು ಸಿದ್ಧರಿದ್ದೇವೆ. ಪಾಲುಬಂಡವಾಳದ ಮೊದಲ ರೂಪಾಯಿ ಸಹಾಯಧನದ್ದಾಗದೆ ಸದಸ್ಯರ ಜೇಬಿನದಾಗಿರಲಿ. ಸಂಘದ ಬಾಗಿಲು ನಮ್ಮ ಜನರಿಗೆ ಮಾತ್ರವಲ್ಲ, ಬೇಲಿಯಾಚೆಯ ಹಿಂದೂ, ಮುಸಲ್ಮಾನ ನೆರೆಯವರಿಗೂ ತೆರೆದಿರಲಿ. ವ್ಯಾಪಾರಿ ಬೆಲೆ ಇಳಿಸುವಾಗ ಅವರನ್ನೂ ನಮ್ಮನ್ನೂ ಬೇರೆ ಮಾಡಿ ನೋಡಿದ್ದಿಲ್ಲ. ಮನೆಯ ಯಜಮಾನರ ಹೆಸರಿನಂತೆಯೇ ತೋಟದಲ್ಲಿ ದುಡಿಯುವ ತಾಯಂದಿರ ಹೆಸರೂ ಸದಸ್ಯರ ಪಟ್ಟಿಯಲ್ಲಿರಲಿ. ಲೆಕ್ಕ ಬಲ್ಲ ಒಬ್ಬರಿಗೆ ತಕ್ಕ ಸಂಬಳ ಕೊಟ್ಟು ನೇಮಿಸಿರಿ. ಸಮಿತಿಯವರು ತಮ್ಮ ಬಂಧುಗಳನ್ನು ಆ ಸ್ಥಾನಕ್ಕೆ ತರಬೇಡಿರಿ. ಪ್ರತಿ ತಿಂಗಳ ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿರಿ. ಮರುದಿನ ಅದು ಸಂಘದ ಗೋಡೆಯ ಮೇಲಿರಲಿ. ಮೊದಲ ವರ್ಷ ಹೊರಗೆ ಎಷ್ಟೇ ಹೆಚ್ಚಿನ ಬೆಲೆ ಬಂದರೂ ಸರಕು ಸಂಘಕ್ಕೇ ಎಂಬ ಮಾತನ್ನು ಪರಸ್ಪರ ಕೊಟ್ಟುಕೊಳ್ಳಿರಿ. ಈ ಕೊನೆಯ ಮಾತು ಎಲ್ಲಕ್ಕಿಂತ ಕಷ್ಟದ್ದು. ಸಂಘದ ಆಯುಷ್ಯ ನಿರ್ಧಾರವಾಗುವುದೂ ಅದರಿಂದಲೇ.

ವಿಶ್ವಸಂಸ್ಥೆಯು 2012ನ್ನೂ ಮತ್ತೆ 2025ನ್ನೂ ಅಂತರರಾಷ್ಟ್ರೀಯ ಸಹಕಾರ ವರ್ಷಗಳೆಂದು ಘೋಷಿಸಿತು. ಘೋಷಣೆಗಳು ಬರುತ್ತವೆ, ಹೋಗುತ್ತವೆ. ನಮ್ಮ ಇಗರ್ಜಿಯ ತೋಟದಲ್ಲಿಯೂ ಒಂದಷ್ಟು ತೆಂಗಿನ ಮರಗಳಿವೆಯಷ್ಟೆ. ಆರು ತಿಂಗಳ ಓದಿನ ಬಳಿಕ ನೀವು ಸಂಘವನ್ನು ಕಟ್ಟಿದ್ದೇ ಆದರೆ, ಆರ್ಥಿಕ ಸಮಿತಿಯ ಒಪ್ಪಿಗೆ ಪಡೆದು ಇಗರ್ಜಿಯೂ ಒಂದು ಪಾಲನ್ನು ಕೊಳ್ಳುವುದು. ಅದರ ಕಾಯಿಗಳೂ ನಿಮ್ಮ ಕಾಯಿಗಳ ಹಿಂದೆ ಸರದಿಯಲ್ಲಿ ನಿಂತು ಅದೇ ತಕ್ಕಡಿಗೆ ಏರುವುವು. ಅದಕ್ಕೂ ಇರುವುದು ಒಂದೇ ಮತ. ಮುಂದೊಂದು ದಿನ ಧರ್ಮಾಧ್ಯಕ್ಷರ ಆಜ್ಞೆಯಂತೆ ನಾವು ಇಲ್ಲಿಂದ ಹೊರಡುತ್ತೇವೆ. ಹೊಸ ವಿಗಾರರು ಬರುತ್ತಾರೆ. ಆ ವಾರವೂ ಲೆಕ್ಕ ಎಂದಿನಂತೆ ಓದಲ್ಪಟ್ಟು, ತೂಕ ಎಂದಿನಂತೆ ನಡೆದು, ಗುರುಗಳು ಬದಲಾದದ್ದು ಸಂಘಕ್ಕೆ ತಿಳಿಯದಂತೆ ಆಗಲಿ. ನಮ್ಮ ಶತಮಾನೋತ್ಸವಕ್ಕೆ ಅದಕ್ಕಿಂತ ಒಳ್ಳೆಯ ಸ್ಮಾರಕವನ್ನು ನಾವು ಬಯಸಲಾರೆವು. ದೇವರು ನಿಮ್ಮ ದುಡಿಮೆಯನ್ನು ಆಶೀರ್ವದಿಸಲಿ.